ಮನೆಯೊಳಗಿನ ಪ್ರಾರ್ಥನೆಗೆ ಯಾರ ಒಪ್ಪಿಗೆ ಬೇಕು?

‘ಅನುಮತಿ ಇಲ್ಲದೆ ಪ್ರಾರ್ಥನಾ ಕೂಟ, ಸ್ಥಳಕ್ಕೆ ಪೊಲೀಸರು.’ ಈ ಧಾಟಿಯ ಸುದ್ದಿ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಆಗಾಗ ಕಾಣುತ್ತದೆ. ಓದಿದವರಿಗೆ ಎರಡು ಗೊಂದಲ ಹುಟ್ಟುತ್ತವೆ. ಮನೆಯೊಳಗೆ ಕೂತು ದೇವರನ್ನು ನೆನೆಯಲೂ ಅನುಮತಿ ಬೇಕಾ? ಮತಾಂತರ ನಿಷೇಧ ಕಾಯ್ದೆ 2023ರಲ್ಲೇ ರದ್ದಾಯ್ತಲ್ವಾ, ಮತ್ತೆ ಕೇಸು ಯಾವುದರ ಮೇಲೆ?

ಈ ಗೊಂದಲದ ಬೇರು ಸಿಗಬೇಕಾದರೆ 2021ರ ಡಿಸೆಂಬರ್‌ಗೆ ಹೋಗಬೇಕು. ಆ ಒಂದೇ ತಿಂಗಳಲ್ಲಿ ನಮ್ಮ ಮೂರು ಜಿಲ್ಲೆಗಳೂ ಸುದ್ದಿಯಾದವು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಕ್ರೈಸ್ತ ಧಾರ್ಮಿಕ ಪುಸ್ತಕಗಳಿಗೆ ಬೆಂಕಿ ಹಚ್ಚಿದರು. ಚಿಕ್ಕಬಳ್ಳಾಪುರ ಜಿಲ್ಲೆಯ ಸೂಸೈಪಾಳ್ಯದಲ್ಲಿ ನೂರೈವತ್ತು ವರ್ಷಕ್ಕೂ ಹಳೆಯ ಚರ್ಚಿನ ಸಂತ ಅಂತೋಣಿಯವರ ಪ್ರತಿಮೆ ಒಡೆಯಿತು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕೆಲವರು ಮನೆಯೊಂದಕ್ಕೆ ನುಗ್ಗಿ, ಕ್ರಿಸ್‌ಮಸ್ ಯಾಕೆ ಮಾಡುತ್ತೀರಿ ಎಂದು ಕೇಳಿದರು. ಆ ಮನೆಯ ಹೆಣ್ಣುಮಕ್ಕಳು ಎದುರು ನಿಂತು ಜವಾಬು ಕೊಟ್ಟ ವಿಡಿಯೋ ರಾಜ್ಯವೆಲ್ಲ ಹರಡಿತು. ಸೂಸೈಪಾಳ್ಯದ ಘಟನೆ ನಡೆದದ್ದು ಡಿಸೆಂಬರ್ 23ರಂದು. ಅದೇ ದಿನ ಬೆಳಗಾವಿಯ ಅಧಿವೇಶನದಲ್ಲಿ ವಿಧಾನಸಭೆ ಮತಾಂತರ ನಿಷೇಧ ಮಸೂದೆಗೆ ಒಪ್ಪಿಗೆ ಕೊಟ್ಟಿತು.

ಅಂದಿನಿಂದ ಪ್ರಾರ್ಥನೆ ಮತ್ತು ಮತಾಂತರ ಎಂಬ ಎರಡು ಮಾತು ಜನರ ಬಾಯಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ. ಕಾನೂನಿನಲ್ಲಿ ಅವು ಬೇರೆ ಬೇರೆ.

ಮನೆ ಬೇರೆ, ಮೈಕು ಬೇರೆ, ರಸ್ತೆ ಬೇರೆ

ಮೊದಲ ಪ್ರಶ್ನೆಗೆ ನೇರ ಉತ್ತರ: ಸ್ವಂತ ಮನೆಯಲ್ಲಿ ನಾಲ್ಕು ಜನ ಸೇರಿ ಪ್ರಾರ್ಥನೆ ಮಾಡಲು ಪೊಲೀಸರ ಅನುಮತಿ ಬೇಕು ಎನ್ನುವ ಕಾನೂನು ಕರ್ನಾಟಕದಲ್ಲಿ ಇಲ್ಲ. ಸಂವಿಧಾನದ 25ನೇ ವಿಧಿ ತನ್ನ ಧರ್ಮವನ್ನು ನಂಬುವ, ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಡುತ್ತದೆ. 19ನೇ ವಿಧಿ ಶಾಂತವಾಗಿ ಸೇರುವ ಹಕ್ಕು ಕೊಡುತ್ತದೆ. 25ನೇ ವಿಧಿಯ ಹಕ್ಕಿಗೆ ಮಿತಿ ಇದೆ. ಸಾರ್ವಜನಿಕ ಶಾಂತಿ, ನೀತಿ, ಆರೋಗ್ಯಕ್ಕೆ ಧಕ್ಕೆ ಆಗಬಾರದು. ಸತ್ಯನಾರಾಯಣ ಪೂಜೆಗೆ ಅಕ್ಕಪಕ್ಕದವರನ್ನು ಕರೆಯಲು ಯಾರೂ ಠಾಣೆಗೆ ಹೋಗುವುದಿಲ್ಲ. ಮುಸ್ಲಿಮರು ಮನೆಯಲ್ಲಿ ಮೌಲೂದ್ (ಪ್ರವಾದಿಯವರ ಸ್ತುತಿ) ಓದಿಸಲೂ ಹೋಗುವುದಿಲ್ಲ. ಮನೆಯ ಉಪವಾಸ ಪ್ರಾರ್ಥನೆಗೂ ಅದೇ ಅಳತೆ.

ಮೈಕ್ ಕಟ್ಟಿದ ಕೂಡಲೇ ಲೆಕ್ಕ ಬದಲಾಗುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಹಾಕುವಂತಿಲ್ಲ. ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ಇಲ್ಲಿ ಚರ್ಚುಗಳು ಒಪ್ಪಿಕೊಳ್ಳಬೇಕಾದ ಮಾತೊಂದಿದೆ. ಈ ವಿಚಾರದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ದೊಡ್ಡ ತೀರ್ಪುಗಳಲ್ಲಿ ಒಂದು ಚೆನ್ನೈನ ಒಂದು ಪ್ರಾರ್ಥನಾ ಸಭೆಯ ವಿರುದ್ಧವೇ ಬಂದದ್ದು. ಡ್ರಮ್ಸು, ಗಿಟಾರು, ಧ್ವನಿವರ್ಧಕದ ಸದ್ದು ತಡೆಯಲಾರದೆ ಬಡಾವಣೆಯ ಜನ ಕೋರ್ಟಿಗೆ ಹೋಗಿದ್ದರು. ಇನ್ನೊಬ್ಬರ ನೆಮ್ಮದಿ ಕೆಡಿಸಿ ಪ್ರಾರ್ಥಿಸಿ ಎಂದು ಯಾವ ಧರ್ಮವೂ ಹೇಳುವುದಿಲ್ಲ ಎಂದು ಕೋರ್ಟ್ 2000ದ ಆಗಸ್ಟ್‌ನಲ್ಲಿ ಹೇಳಿತು. ಆ ತೀರ್ಪು ಗಣೇಶನ ಪೆಂಡಾಲಿಗೂ ಮಸೀದಿಯ ಮೈಕಿಗೂ ಊರ ಜಾತ್ರೆಗೂ ಅಷ್ಟೇ ಅನ್ವಯಿಸುತ್ತದೆ.

ರಸ್ತೆಗೆ ಇಳಿದರೆ ಮತ್ತೊಂದು ಹಂತ. ಶುಭ ಶುಕ್ರವಾರದ ಶಿಲುಬೆ ಹಾದಿ ಮೆರವಣಿಗೆಗೋ, ಮೈದಾನದಲ್ಲಿ ಶಾಮಿಯಾನ ಹಾಕಿದ ದೊಡ್ಡ ಕೂಟಕ್ಕೋ ಪೊಲೀಸರ ಅನುಮತಿ ಬೇಕು. ಸಂಚಾರ, ಬಂದೋಬಸ್ತ್ ನೋಡಿಕೊಳ್ಳುವುದು ಅವರ ಕೆಲಸ.

ನಡುವೆ ಒಂದು ಮಬ್ಬು ಜಾಗವಿದೆ. ವಾಸಕ್ಕೆಂದು ಕಟ್ಟಿದ ಮನೆಯಲ್ಲಿ ಪ್ರತಿ ಭಾನುವಾರ ಐವತ್ತು ಜನ ಸೇರಿದರೆ ಅದು ಮನೆಯಾ, ಪ್ರಾರ್ಥನಾ ಮಂದಿರವಾ? ಕಟ್ಟಡದ ಬಳಕೆ ಬದಲಾಯಿತು ಎಂದು ಪಂಚಾಯಿತಿಯೋ ನಗರಸಭೆಯೋ ನೋಟಿಸ್ ಕೊಡಬಹುದು. ಆದರೆ ಅದು ಕಟ್ಟಡದ ಪ್ರಶ್ನೆ. ಅದಕ್ಕೆ ಕಾಗದದಲ್ಲಿ ಉತ್ತರ ಕೊಡಬೇಕು. ಹಾಡು ನಡೆಯುತ್ತಿರುವಾಗ ಬಾಗಿಲು ಒದ್ದು ಒಳಗೆ ಬರುವುದಕ್ಕೆ ಅದು ಯಾರಿಗೂ ಲೈಸೆನ್ಸ್ ಅಲ್ಲ. ಹಾಗೆ ನೋಡಿದರೆ ಭಾರತೀಯ ನ್ಯಾಯ ಸಂಹಿತೆಯ 300ನೇ ಕಲಂ, ಕಾನೂನುಬದ್ಧವಾಗಿ ಪೂಜೆ ಪ್ರಾರ್ಥನೆಯಲ್ಲಿ ತೊಡಗಿದ ಕೂಟಕ್ಕೆ ಬೇಕೆಂದೇ ಅಡ್ಡಿ ಮಾಡುವುದನ್ನೇ ಅಪರಾಧ ಎನ್ನುತ್ತದೆ. ಒಂದು ವರ್ಷದವರೆಗೆ ಜೈಲು ಆಗಬಹುದು. ಈ ಕಲಂ ಬಗ್ಗೆ ಮಾತನಾಡುವವರು ಕಡಿಮೆ.

ರದ್ದಾಯ್ತು ಅಂದುಕೊಂಡ ಕಾಯ್ದೆ

ಎರಡನೇ ಗೊಂದಲಕ್ಕೆ ಬರೋಣ. ಮಸೂದೆ 2021ರಲ್ಲಿ ವಿಧಾನಸಭೆ ದಾಟಿತು. ಪರಿಷತ್ತಿನಲ್ಲಿ ಆಗ ಸರ್ಕಾರಕ್ಕೆ ಬಹುಮತ ಇರಲಿಲ್ಲ. ಹಾಗಾಗಿ 2022ರ ಮೇ 17ರಂದು ಸುಗ್ರೀವಾಜ್ಞೆ ಬಂತು. ಸೆಪ್ಟೆಂಬರ್‌ನಲ್ಲಿ ಪರಿಷತ್ತೂ ಒಪ್ಪಿ, ಅದು ಪೂರ್ಣ ಕಾಯ್ದೆಯಾಯಿತು. ಸರ್ಕಾರ ಬದಲಾದ ಮೇಲೆ, 2023ರ ಜೂನ್ 15ರಂದು ಸಚಿವ ಸಂಪುಟ ಅದನ್ನು ರದ್ದು ಮಾಡಲು ತೀರ್ಮಾನಿಸಿತು. ಟಿವಿಗಳಲ್ಲಿ ‘ಕಾಯ್ದೆ ರದ್ದು’ ಎಂದು ಬಂತು. ಜನ ನಂಬಿದರು.

ಆದರೆ ಸಂಪುಟ ತೀರ್ಮಾನಿಸಿದರೆ ಕಾಯ್ದೆ ಹೋಗುವುದಿಲ್ಲ. ಅದನ್ನು ಮಾಡಿದ್ದು ಸದನ, ತೆಗೆಯಬೇಕಾದ್ದೂ ಸದನ. ರದ್ದತಿ ಮಸೂದೆ ಎರಡೂ ಸದನ ದಾಟಿ, ರಾಜ್ಯಪಾಲರ ಸಹಿ ಬೀಳುವ ತನಕ ಹಳೆಯ ಕಾಯ್ದೆ ಜೀವಂತ. ಅದು ಜೀವಂತ ಇದ್ದದ್ದಕ್ಕೆ ಸಾಕ್ಷಿ ಜಮಖಂಡಿಯ ಪ್ರಕರಣ. ದೇವಸ್ಥಾನವೊಂದರ ಬಳಿ ಇಸ್ಲಾಂ ಕುರಿತ ಕರಪತ್ರ ಹಂಚಿದರು ಎಂದು ಕೆಲವರ ಮೇಲೆ 2025ರ ಮೇನಲ್ಲಿ, ಅಂದರೆ ಸಂಪುಟದ ತೀರ್ಮಾನವಾಗಿ ಎರಡು ವರ್ಷಕ್ಕೆ, ಇದೇ ಕಾಯ್ದೆಯಡಿ ಕೇಸು ದಾಖಲಾಯಿತು. ಜುಲೈನಲ್ಲಿ ಹೈಕೋರ್ಟ್ ಅದನ್ನು ರದ್ದುಗೊಳಿಸಿತು.

ಹೈಕೋರ್ಟ್ ಕೊಟ್ಟ ಎರಡು ಕಾರಣ ನಮ್ಮ ಚರ್ಚೆಗೆ ತುಂಬ ಮುಖ್ಯ. ಒಂದು, ತನ್ನ ಧರ್ಮದ ಬಗ್ಗೆ ಹೇಳುವುದೇ ಅಪರಾಧವಲ್ಲ, ಮತಾಂತರದ ಪ್ರಯತ್ನ ನಡೆದದ್ದಕ್ಕೆ ಆಧಾರ ಬೇಕು. ಎರಡು, ದೂರು ಕೊಟ್ಟವರು ಕಾಯ್ದೆಯ ಪಟ್ಟಿಯಲ್ಲಿಲ್ಲ. ಮತಾಂತರಗೊಂಡವರು, ತಂದೆ ತಾಯಿ, ಒಡಹುಟ್ಟಿದವರು, ರಕ್ತ ಅಥವಾ ಮದುವೆಯ ಸಂಬಂಧಿಕರು, ಜೊತೆಗಾರರು, ಸಹೋದ್ಯೋಗಿಗಳು ದೂರು ಕೊಡಬಹುದು. ದಾರಿಯಲ್ಲಿ ಹೋಗುವ ಯಾರೋ ಕೊಡುವಂತಿಲ್ಲ. ಆದರೆ ಹಳ್ಳಿಯ ಪ್ರಾರ್ಥನೆ ಕೂಟದ ಮುಂದೆ ಬಂದು ನಿಲ್ಲುವವರು ಎಷ್ಟೋ ಸಲ ಆ ಮನೆಗೆ ಸಂಬಂಧವೇ ಇಲ್ಲದವರು.

ಆಮಿಷ ಅಂದರೆ ಏನು?

ಕಾಯ್ದೆಯ ತೂಕವೆಲ್ಲ ನಿಂತಿರುವುದು ಆಮಿಷ ಎಂಬ ಪದದ ಮೇಲೆ. ದುಡ್ಡು, ಉಡುಗೊರೆ, ಕೆಲಸ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಮದುವೆಯ ಭರವಸೆ, ಇನ್ನೂ ಒಳ್ಳೆಯ ಜೀವನದ ಮಾತು, ದೇವರು ಮುನಿಯುತ್ತಾನೆ ಎಂಬ ಮಾತು, ಒಂದು ಧರ್ಮವನ್ನು ಇನ್ನೊಂದರ ಎದುರು ಹೊಗಳುವುದು ಎಲ್ಲವೂ ಅದರಲ್ಲಿ ಬರುತ್ತವೆ.

ಈಗ ಒಂದು ಸಾಮಾನ್ಯ ಪ್ರಾರ್ಥನೆಯನ್ನು ಯೋಚಿಸಿ. ಹುಷಾರಿಲ್ಲದ ಹೆಂಗಸಿನ ತಲೆಯ ಮೇಲೆ ಪಾಸ್ಟರ್ ಕೈ ಇಟ್ಟು, ‘ಕರ್ತನು ನಿನ್ನನ್ನು ಗುಣ ಮಾಡುತ್ತಾನೆ’ ಎನ್ನುತ್ತಾರೆ. ಇದು ಭಕ್ತಿಯಾ, ಒಳ್ಳೆಯ ಜೀವನದ ಆಮಿಷವಾ? ಇದನ್ನು ತೀರ್ಮಾನಿಸುವುದು ಮೊದಲಿಗೆ ಸ್ಥಳಕ್ಕೆ ಬಂದ ಪಿಎಸ್‌ಐ. ಅಪರಾಧ ಜಾಮೀನು ರಹಿತ. ಬಲವಂತ, ಆಮಿಷದ ಮತಾಂತರಕ್ಕೆ ಸಾಮಾನ್ಯವಾಗಿ 3ರಿಂದ 5 ವರ್ಷ ಜೈಲು. ಮತಾಂತರಗೊಂಡವರು ಮಹಿಳೆ, ಅಪ್ರಾಪ್ತರು ಅಥವಾ ಪರಿಶಿಷ್ಟ ಜಾತಿ, ಪಂಗಡದವರಾದರೆ 3ರಿಂದ 10 ವರ್ಷ. ಬಲವಂತ, ಆಮಿಷ ಇರಲಿಲ್ಲ ಎಂದು ತೋರಿಸುವ ಹೊಣೆಯೂ ಆರೋಪಿಯದ್ದೇ.

ಕಾಯ್ದೆಯ ಪರ ಇರುವವರ ಕಾಳಜಿಯನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಬಡವರ ಕಾಯಿಲೆ, ಸಾಲ, ಕುಡಿತದ ಸಂಕಟವನ್ನು ಕೆಲವು ಬೋಧಕರು ಬಳಸಿಕೊಳ್ಳುತ್ತಾರೆ, ಔಷಧಿ ಬಿಟ್ಟು ಪ್ರಾರ್ಥನೆ ಮಾತ್ರ ಸಾಕು ಎನ್ನುತ್ತಾರೆ ಎಂಬುದು ಅವರ ವಾದ. 1977ರಲ್ಲಿ ಸುಪ್ರೀಂ ಕೋರ್ಟ್, ರೆವರೆಂಡ್ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ, ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು ಹೇಳಿದೆ. ಅದು ಅವರ ಗಟ್ಟಿ ಆಧಾರ. ಆದರೆ ಆ ತೀರ್ಪು ಪ್ರಾರ್ಥಿಸುವವರನ್ನು, ಕೇಳಲು ಬಂದವರನ್ನು ತಡೆಯಿರಿ ಎನ್ನಲಿಲ್ಲ. ಔಷಧಿ ಬಿಡಿಸುವ ಬೋಧಕರನ್ನು ಹಿಡಿಯಲು ಬೇರೆ ಕಾನೂನುಗಳಿವೆ. 1954ರಿಂದಲೇ ಪವಾಡ ಚಿಕಿತ್ಸೆಯ ಜಾಹೀರಾತಿನ ವಿರುದ್ಧ ಕೇಂದ್ರದ ಕಾಯ್ದೆ ಇದೆ. ಅದು ಎಲ್ಲ ಧರ್ಮದ ‘ಗುಣಪಡಿಸುವವರಿಗೂ’ ಒಂದೇ.

ಇನ್ನೊಂದು ಮಾತು. ಈ ಭಾಗದಲ್ಲಿ ಕ್ರೈಸ್ತ ಪ್ರಾರ್ಥನೆ ನಿನ್ನೆ ಮೊನ್ನೆ ಬಂದ ಸಂಗತಿಯಲ್ಲ. ಕೆಜಿಎಫ್‌ನಲ್ಲಿ 1880ರ ದಶಕದಿಂದ ಇಂಗ್ಲೆಂಡಿನ ಕಾರ್ನ್‌ವಾಲ್‌ನ ಗಣಿಗಾರರು, ತಮಿಳು ಕಾರ್ಮಿಕರು ಬಂದು ನೆಲೆಸಿದರು. ಗಣಿ ಪಾಳಿಗೆ ಇಳಿಯುವವರು ಜೀವ ಕೈಲಿ ಹಿಡಿದು ಇಳಿಯುತ್ತಿದ್ದ ಊರು ಅದು. ಚರ್ಚು, ಗುಡಿ, ಮಸೀದಿ ಮೂರೂ ಲೈನ್ ಮನೆಗಳ ನಡುವೆಯೇ ಎದ್ದವು. 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿತು, ಪ್ರಾರ್ಥನೆ ಉಳಿಯಿತು. ಕೋಲಾರದ ಇಟಿಸಿಎಂ ಆಸ್ಪತ್ರೆ, ಚಿಕ್ಕಬಳ್ಳಾಪುರದ ಸಿಎಸ್‌ಐ ಆಸ್ಪತ್ರೆ ಮಿಷನ್ ಕಾಲದವು. ಅಲ್ಲಿ ಹುಟ್ಟಿದ ಎಲ್ಲ ಜಾತಿ, ಧರ್ಮದವರ ಮಕ್ಕಳು ಇವತ್ತು ಅಜ್ಜ ಅಜ್ಜಿ ಆಗಿದ್ದಾರೆ.

ಜಾತಿ ಪ್ರಮಾಣಪತ್ರದ ಗಂಟು

ನಿಜವಾದ ಸಿಕ್ಕು ಇರುವುದು ಇಲ್ಲಿ. ಇದನ್ನು ಬಿಟ್ಟು ಎಷ್ಟು ಮಾತಾಡಿದರೂ ವಿಷಯ ಅರ್ಧವೇ.

2011ರ ಜನಗಣತಿಯಂತೆ ಕೋಲಾರ ಜಿಲ್ಲೆಯ ಜನರಲ್ಲಿ ಸುಮಾರು 30 ಶೇಕಡಾ ಪರಿಶಿಷ್ಟ ಜಾತಿಯವರು. ರಾಜ್ಯದಲ್ಲೇ ಇದು ಅತಿ ಹೆಚ್ಚು. ಚಿಕ್ಕಬಳ್ಳಾಪುರದಲ್ಲಿ ಸುಮಾರು 25 ಶೇಕಡಾ. ಹಳ್ಳಿಯ ಸಣ್ಣ ಪ್ರಾರ್ಥನೆ ಕೂಟಗಳ ಸುತ್ತ ಏಳುವ ಜಗಳ ಮತ್ತೆ ಮತ್ತೆ ಈ ಕೇರಿಗಳಿಗೇ ಬಂದು ನಿಲ್ಲುತ್ತದೆ.

1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಸಿಕ್ಕಿತು. ಕ್ರೈಸ್ತರಾದ, ಮುಸ್ಲಿಮರಾದ ದಲಿತರಿಗೆ ಇಲ್ಲ. ಪರಿಶಿಷ್ಟ ಪಂಗಡಕ್ಕೆ ಈ ಧರ್ಮದ ಷರತ್ತೇ ಇಲ್ಲ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ, ಉಳಿದ ಕ್ರೈಸ್ತರನ್ನು 3ಬಿಯಲ್ಲಿ ಇಟ್ಟಿದ್ದಾರೆ. ಪ್ರವರ್ಗ 1ಕ್ಕೆ ಹೋದರೆ ಪರಿಶಿಷ್ಟ ಜಾತಿಯ ಮೀಸಲಾತಿ, ಮೀಸಲು ಕ್ಷೇತ್ರದಲ್ಲಿ ಸ್ಪರ್ಧೆ, ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಕೈಬಿಡುತ್ತವೆ. ಆದರೆ ಊರಿನಲ್ಲಿ ಕೇರಿ ಬದಲಾಗುವುದಿಲ್ಲ. ಅವರನ್ನು ನೋಡುವ ಕಣ್ಣೂ ಬದಲಾಗುವುದಿಲ್ಲ.

ಇದಕ್ಕೆ 2022ರ ಕಾಯ್ದೆಯನ್ನು ಸೇರಿಸಿ ನೋಡಿ. ಮತಾಂತರ ಆಗುವವರು 30 ದಿನ ಮುಂಚೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಅದನ್ನು ಜಿಲ್ಲಾಧಿಕಾರಿ ಕಚೇರಿ, ತಾಲ್ಲೂಕು ಕಚೇರಿಯ ನೋಟಿಸ್ ಬೋರ್ಡಿನಲ್ಲಿ ಅಂಟಿಸಿ ಆಕ್ಷೇಪಣೆ ಕರೆಯುತ್ತಾರೆ. ಆಮೇಲೆ ಕಂದಾಯ, ಸಮಾಜ ಕಲ್ಯಾಣ ಮುಂತಾದ ಇಲಾಖೆಗಳಿಗೆ ಮಾಹಿತಿ ಹೋಗುತ್ತದೆ. ಸೌಲಭ್ಯಗಳ ವರ್ಗ ಬದಲಾಗುತ್ತದೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಪುದುಚೇರಿಯ ಮಹಿಳೆಯೊಬ್ಬರ ಪ್ರಕರಣದಲ್ಲಿ, ದೀಕ್ಷಾಸ್ನಾನ (ಕ್ರೈಸ್ತರಾಗುವಾಗಿನ ನೀರಿನ ಸಂಸ್ಕಾರ) ಪಡೆದು ಚರ್ಚಿಗೆ ಹೋಗುತ್ತಿದ್ದವರು ಕೆಲಸಕ್ಕಾಗಿ ಪರಿಶಿಷ್ಟ ಜಾತಿ ಪ್ರಮಾಣಪತ್ರ ಕೇಳುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದಿತು.

ಇದರ ಪರಿಣಾಮ ಹೇಗೆ ಸುತ್ತುತ್ತದೆ ನೋಡಿ. ಯೇಸುವಿನಲ್ಲಿ ನಂಬಿಕೆ ಇಟ್ಟ ದಲಿತ ಕುಟುಂಬಕ್ಕೆ ಮಕ್ಕಳ ವಿದ್ಯಾರ್ಥಿವೇತನ, ಹಾಸ್ಟೆಲ್ ಸೀಟು ಕಳೆದುಕೊಳ್ಳುವ ಭಯ. ಹಾಗಾಗಿ ದೀಕ್ಷಾಸ್ನಾನದ ದಾಖಲೆ ಬೇಡ. ದಾಖಲೆ ಬೇಡವೆಂದರೆ ದೊಡ್ಡ ಚರ್ಚಿನ ಸದಸ್ಯತ್ವವೂ ಬೇಡ. ಪ್ರಾರ್ಥನೆ ಬೋರ್ಡಿಲ್ಲದ ಮನೆಗೆ, ಶೀಟಿನ ಕೊಟ್ಟಿಗೆಗೆ ಬರುತ್ತದೆ. ಬೋರ್ಡಿಲ್ಲದ್ದನ್ನು ನೋಡಿದವರು ‘ಕದ್ದುಮುಚ್ಚಿ ಮತಾಂತರ ನಡೀತಿದೆ’ ಅನ್ನುತ್ತಾರೆ. ಪೊಲೀಸರು ಬರುತ್ತಾರೆ. ಪೊಲೀಸರು ಬಂದ ಮೇಲೆ ಜನ ಇನ್ನೂ ಒಳಗೆ ಸರಿಯುತ್ತಾರೆ. ಈ ಗುಟ್ಟನ್ನು ಹುಟ್ಟಿಸುತ್ತಿರುವುದು ಬಹುಮಟ್ಟಿಗೆ ನಮ್ಮ ನಿಯಮಗಳೇ. ಪ್ರಾರ್ಥನೆಗೆ ಬೆಲೆ ಕಟ್ಟಿ, ಆಮೇಲೆ ಯಾಕೆ ಮರೆಯಲ್ಲಿ ಮಾಡುತ್ತೀರಿ ಎಂದು ಕೇಳುವುದು ಅನ್ಯಾಯ.

ಮೂಲ ಪರಿಶಿಷ್ಟ ಜಾತಿಯವರಲ್ಲೂ ಒಂದು ಆತಂಕ ಇದೆ. ಇರುವ ಪಾಲೇ ಕಡಿಮೆ, ಅದನ್ನು ಇನ್ನಷ್ಟು ಜನರ ಜೊತೆ ಹಂಚಿಕೊಳ್ಳಬೇಕಾ ಎಂಬ ಪ್ರಶ್ನೆ ಅದು. ಅದೂ ನ್ಯಾಯವಾದ ಪ್ರಶ್ನೆಯೇ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯ ಪಟ್ಟಿಯಲ್ಲಿ ಜಾತಿ ಹೆಸರುಗಳ ಜೊತೆ ‘ಕ್ರಿಶ್ಚಿಯನ್’ ಎಂದು ಸೇರಿಸಿದಾಗ ದೊಡ್ಡ ಗಲಾಟೆ ಆಗಿ, ಸಮೀಕ್ಷೆ ನಡೆಸಿದ ಹಿಂದುಳಿದ ವರ್ಗಗಳ ಆಯೋಗ ಅಂಥ ಹೆಸರುಗಳನ್ನು ಪಟ್ಟಿಯಲ್ಲಿ ಕಾಣದಂತೆ ಮಾಡಿತು. ಹೆಸರು ಮರೆಯಾಯಿತು, ಪ್ರಶ್ನೆ ಹಾಗೇ ಉಳಿಯಿತು.

ಗೋಕುಂಟೆಯಲ್ಲಿ ಬಿದ್ದ ಪ್ರತಿಮೆ

ಮುಳಬಾಗಿಲು ತಾಲ್ಲೂಕಿನ ಗೋಕುಂಟೆಯಲ್ಲಿ ಸುಮಾರು 20 ಅಡಿಯ ಯೇಸುವಿನ ಪ್ರತಿಮೆ ಇತ್ತು. 2022ರ ಫೆಬ್ರುವರಿಯಲ್ಲಿ ತಾಲ್ಲೂಕು ಆಡಳಿತ ಅದನ್ನು ಕೆಡವಿತು. ಜಾಗ ಸರ್ಕಾರಿ ಗೋಮಾಳ, ಹೈಕೋರ್ಟಿನ ಆದೇಶ ಇದೆ ಎಂದು ಅಧಿಕಾರಿಗಳು ಹೇಳಿದರು. ಆದೇಶ ತೋರಿಸಿ ಎಂದರೂ ತೋರಿಸಲಿಲ್ಲ ಎಂಬುದು ಅಲ್ಲಿನ ಕ್ರೈಸ್ತರ ದೂರು.

ಸರ್ಕಾರಿ ಜಾಗದಲ್ಲಿ ಯಾವ ಧರ್ಮದವರೂ ಹೊಸದಾಗಿ ಕಟ್ಟಬಾರದು ಎಂದು ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರ್‌ನಲ್ಲೇ ಆದೇಶಿಸಿದೆ. ಇದನ್ನು ಒಪ್ಪಲೇಬೇಕು. ಆದರೆ ಅದಕ್ಕೆ ಅಂಟಿಕೊಂಡ ಇನ್ನೊಂದು ಕಥೆ ಇದೆ. 2021ರ ಸೆಪ್ಟೆಂಬರ್‌ನಲ್ಲಿ ನಂಜನಗೂಡು ತಾಲ್ಲೂಕಿನಲ್ಲಿ ದೇವಸ್ಥಾನವೊಂದನ್ನು ಕೆಡವಿದಾಗ ರಾಜ್ಯದಲ್ಲಿ ಸಿಟ್ಟು ಎದ್ದಿತು. ಕೆಲವೇ ದಿನಗಳಲ್ಲಿ ಸರ್ಕಾರ, ಸಾರ್ವಜನಿಕ ಜಾಗದಲ್ಲಿ ಅದಾಗಲೇ ಇರುವ ಧಾರ್ಮಿಕ ಕಟ್ಟಡಗಳನ್ನು ರಕ್ಷಿಸುವ ಕಾಯ್ದೆ ತಂದಿತು. ಅದರಲ್ಲಿ ದೇವಸ್ಥಾನ, ಚರ್ಚು, ಮಸೀದಿ, ಗುರುದ್ವಾರ ಎಲ್ಲ ಬರುತ್ತವೆ. ತೆರವಿನ ಕುರಿತ ಪ್ರಕರಣ ಕೋರ್ಟಿನಲ್ಲಿ ಬಾಕಿ ಇರುವ ಕಟ್ಟಡಗಳಿಗೆ ಅದರ ರಕ್ಷಣೆ ಸಿಗುವುದಿಲ್ಲ. ಐದು ತಿಂಗಳಲ್ಲಿ ಗೋಕುಂಟೆಯ ಪ್ರತಿಮೆ ಬಿತ್ತು. ಆಡಳಿತದ ಕ್ರಮಕ್ಕೆ ಕಾನೂನಿನ ನೆಲೆ ಇದ್ದಿರಬಹುದು. ಆದರೆ ಒಂದು ಕಡೆ ಸಿಟ್ಟಿಗೆ ಕಾಯ್ದೆಯೇ ಉತ್ತರವಾಯಿತು, ಇನ್ನೊಂದು ಕಡೆ ಜೆಸಿಬಿ ಉತ್ತರವಾಯಿತು ಎಂಬ ಭಾವನೆ ಕ್ರೈಸ್ತರಲ್ಲಿ ಉಳಿದರೆ ಅದಕ್ಕೆ ಕಾರಣ ಇದೆ.

ಶಾಲೆಯ ಅಂಗಳ, ದೆಹಲಿಯ ಬಯಲು

ಸಂವಿಧಾನದ 28ನೇ ವಿಧಿ ಶಾಲೆಗಳ ಬಗ್ಗೆ ಸ್ಪಷ್ಟವಾಗಿದೆ. ಪೂರ್ತಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಇಲ್ಲ. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪ್ರಾರ್ಥನೆ ಇರಬಹುದು, ಆದರೆ ಮಗುವನ್ನು ಅದಕ್ಕೆ ಸೇರಿಸಲು ಪೋಷಕರ ಒಪ್ಪಿಗೆ ಬೇಕು. ಕ್ರೈಸ್ತ ಶಾಲೆಯಲ್ಲಿ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಹೇಳಿಸುವುದಕ್ಕೂ ಮಠದ ಶಾಲೆಯ ಪ್ರಾರ್ಥನೆಗೂ ಇದೇ ನಿಯಮ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಎಲ್ಲ ಜಾತಿ, ಧರ್ಮದ ಸಾವಿರಾರು ಮಕ್ಕಳು ಒಟ್ಟಿಗೆ ಕೂತು ಮಾಡುವ ಸಾಮೂಹಿಕ ಪ್ರಾರ್ಥನೆಯನ್ನು ಯಾರೂ ಮತಾಂತರ ಎನ್ನುವುದಿಲ್ಲ. ಅನ್ನಬಾರದು ಕೂಡ. ಮಿಷನ್ ಶಾಲೆಗೂ ಅದೇ ನಂಬಿಕೆ ಸಿಗಬೇಕಲ್ವಾ?

ರಾಷ್ಟ್ರದ ಮಟ್ಟದಲ್ಲಿ ನಾವು ಧರ್ಮವನ್ನು ಪೂರ್ತಿ ಹೊರಗಿಟ್ಟವರೂ ಅಲ್ಲ, ಒಂದನ್ನು ಒಳಗೆ ಕೂರಿಸಿದವರೂ ಅಲ್ಲ. ಸಂವಿಧಾನದ ಪೀಠಿಕೆಯನ್ನು ‘ದೇವರ ಹೆಸರಿನಲ್ಲಿ’ ಶುರು ಮಾಡೋಣ ಎಂದು ಸಂವಿಧಾನ ರಚನಾ ಸಭೆಯ ಸದಸ್ಯ ಎಚ್.ವಿ. ಕಾಮತ್ 1949ರ ಅಕ್ಟೋಬರ್‌ನಲ್ಲಿ ಕೇಳಿದರು. 41 ಮತ ಪರ, 68 ವಿರೋಧ ಬಿದ್ದು ಅದು ಸೋತಿತು. ಆದರೆ ಶಾಸಕರು, ಮಂತ್ರಿಗಳು ಪ್ರಮಾಣವಚನವನ್ನು ದೇವರ ಹೆಸರಿನಲ್ಲೂ ತೆಗೆದುಕೊಳ್ಳಬಹುದು, ಆತ್ಮಸಾಕ್ಷಿಯಂತೆಯೂ ತೆಗೆದುಕೊಳ್ಳಬಹುದು. ಯಾವ ದೇವರು ಎಂದು ಸಂವಿಧಾನ ಕೇಳುವುದಿಲ್ಲ. ವಿಧಾನಸೌಧದ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆದಿದೆ. ಅಲ್ಲೂ ದೇವರ ಹೆಸರಿಲ್ಲ.

ಗಾಂಧೀಜಿಗೆ ಪ್ರಿಯವಾಗಿದ್ದ ‘ಅಬೈಡ್ ವಿತ್ ಮಿ’ ಎಂಬ ಕ್ರೈಸ್ತ ಪ್ರಾರ್ಥನಾಗೀತೆ ಬಹುಕಾಲ ಜನವರಿ 29ರ ಬೀಟಿಂಗ್ ರಿಟ್ರೀಟ್‌ನಲ್ಲಿ, ಅಂದರೆ ಗಣರಾಜ್ಯೋತ್ಸವಕ್ಕೆ ತೆರೆ ಎಳೆಯುವ ದೆಹಲಿಯ ಸೇನಾ ವಾದ್ಯಗೋಷ್ಠಿಯಲ್ಲಿ, ಕೇಳುತ್ತಿತ್ತು. 2022ರಲ್ಲಿ ಅದನ್ನು ಕೈಬಿಟ್ಟರು. ವಸಾಹತು ಕಾಲದ ಹಾಡು ಯಾಕೆ, ನಮ್ಮದೇ ಹಾಡುಗಳಿರಲಿ ಎಂಬುದು ಸರ್ಕಾರದ ಕಡೆಯ ವಾದ. ವಾದದಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ನಂದಿ ಬೆಟ್ಟದಲ್ಲಿ 1927, 1936ರಲ್ಲಿ ವಿಶ್ರಾಂತಿ ಪಡೆದ ಆ ಮನುಷ್ಯ ಎಲ್ಲ ಧರ್ಮದ ಪ್ರಾರ್ಥನೆಗಳನ್ನು ಒಂದೇ ಕೂಟದಲ್ಲಿ ಹಾಡಿಸುತ್ತಿದ್ದರು. ಆ ಗೀತೆ ಬ್ರಿಟಿಷರದ್ದಾಗಿ ಉಳಿದಿರಲಿಲ್ಲ, ಅವರ ಮೂಲಕ ನಮ್ಮದಾಗಿತ್ತು. ಹಾಡೊಂದು ಹೋದರೆ ಯಾರ ಹಕ್ಕೂ ಹೋಗುವುದಿಲ್ಲ. ನೀವೂ ಈ ಮನೆಯವರು ಎಂದು ಹೇಳುವ ಒಂದು ಧ್ವನಿ ಮಾತ್ರ ಕಡಿಮೆಯಾಗುತ್ತದೆ.

ಮುಂದೇನಾಗಬಹುದು

ಕಣ್ಣಿಡಬೇಕಾದ ಜಾಗ ಮೂರು. ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ಮತಾಂತರ ಕಾಯ್ದೆಗಳನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ. ಆಮಿಷದ ವ್ಯಾಖ್ಯೆ, ಮುಂಚಿತ ನೋಟಿಸ್ ಎರಡೂ ಅಲ್ಲಿ ಪರೀಕ್ಷೆಗೆ ಬರುತ್ತವೆ. ಕೋರ್ಟ್ ಅವನ್ನು ಎತ್ತಿಹಿಡಿದರೆ ಈಗಿನ ಭಯ ಕಾಯಂ ಆಗುತ್ತದೆ. ಮೊಟಕು ಮಾಡಿದರೆ ಮನೆ ಪ್ರಾರ್ಥನೆಗಳು ಬೆಳಕಿಗೆ ಬರಲು ದಾರಿ ಆಗುತ್ತದೆ. ಎರಡನೆಯದು, ದಲಿತ ಕ್ರೈಸ್ತರು, ದಲಿತ ಮುಸ್ಲಿಮರ ಸ್ಥಾನದ ಬಗ್ಗೆ 2022ರ ಅಕ್ಟೋಬರ್‌ನಲ್ಲಿ ಕೇಂದ್ರ ನೇಮಿಸಿದ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ. ಕೋಲಾರದಂಥ ಜಿಲ್ಲೆಯಲ್ಲಿ ಅದರ ಮಾತು ಪ್ರತಿ ಕೇರಿಗೂ ತಟ್ಟುತ್ತದೆ. ಮೂರನೆಯದು ವಿಧಾನಮಂಡಲ. ಕಾಯ್ದೆ ಬೇಡವೆಂದು ಸಂಪುಟದಲ್ಲಿ ತೀರ್ಮಾನಿಸಿದವರು ಅದನ್ನು ಸದನದಲ್ಲಿ ಮುಗಿಸಬೇಕು. ಬೇಕು ಎನ್ನುವುದಾದರೆ ಅದನ್ನೂ ಬಾಯಿಬಿಟ್ಟು ಹೇಳಬೇಕು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ನಡೆದುಕೊಂಡರೆ ಠಾಣೆಯಲ್ಲಿ ಕೂತವರಿಗೂ ಗೊಂದಲ, ಪ್ರಾರ್ಥನೆಗೆ ಕೂತವರಿಗೂ ಗೊಂದಲ.

ಇದ್ಯಾವುದಕ್ಕೂ ಕಾಯದೆ ಆಗಬಹುದಾದ ಕೆಲಸ ಒಂದಿದೆ. ಒಂದೇ ಪುಟದ ಸುತ್ತೋಲೆ ಸಾಕು. ಮನೆಯೊಳಗಿನ ಪ್ರಾರ್ಥನೆಗೆ ಅನುಮತಿ ಬೇಕಿಲ್ಲ. ಮೈಕಿಗೆ ಲಿಖಿತ ಅನುಮತಿ, ಮೆರವಣಿಗೆಗೆ ಪೊಲೀಸರ ಅನುಮತಿ ಬೇಕು. ಮತಾಂತರದ ದೂರನ್ನು ಕಾಯ್ದೆಯ ಪಟ್ಟಿಯಲ್ಲಿ ಇರುವವರಿಂದ ಮಾತ್ರ ತೆಗೆದುಕೊಳ್ಳಬೇಕು. ಪ್ರಾರ್ಥನೆಗೆ ಅಡ್ಡಿ ಮಾಡಿದವರ ಮೇಲೆ 300ನೇ ಕಲಂ ಹಾಕಬೇಕು. ಮೂರು ಜಿಲ್ಲೆಗಳ ಎಸ್‌ಪಿ ಕಚೇರಿಗಳಿಂದ ಇಷ್ಟು ಪ್ರತಿ ಠಾಣೆಗೆ ಹೋಗಿ, ಗೋಡೆಯ ಮೇಲೆ ಕನ್ನಡದಲ್ಲಿ ಅಂಟಿದರೆ, ಈ ಡಿಸೆಂಬರ್‌ನಲ್ಲಿ ದೂರು ಕೊಡಲು ಬಂದವರೂ ಓದಿಕೊಳ್ಳುತ್ತಾರೆ, ದೂರಿಗೆ ಒಳಗಾದವರೂ ಓದಿಕೊಳ್ಳುತ್ತಾರೆ.